ಸಣ್ಣ ಮಕ್ಕಳ ಜೊತೆ ಅಕ್ವೇರಿಯಂಗೆ ಹೋಗುವವರಿಗೆ

ರಜೆಗೆ ಬೀದರ್‌ನಿಂದ ಹೈದರಾಬಾದ್‌ನ ನೆಹರೂ ಝೂಗೆ ಹೋಗುವವರು ಅಲ್ಲಿನ ಅಕ್ವೇರಿಯಂ ಬಿಟ್ಟು ಬರಬೇಡಿ. ಸೋಮವಾರ ಝೂಗೆ ರಜೆ, ನೆನಪಿರಲಿ.

ಹುಲಿ, ಆನೆ ಅಂತ ಬಿಸಿಲಲ್ಲಿ ಸುತ್ತಿ ಕೊನೆಗೆ ಹೋದರೆ ಮಕ್ಕಳಿಗೆ ನೋಡುವ ತಾಳ್ಮೆಯೇ ಉಳಿದಿರುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ಸುಸಲಾ ತಿನ್ನಿಸಿ, ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ.

ಎಲ್ಲ ತೊಟ್ಟಿಗಳನ್ನೂ ನೋಡಿ ಮುಗಿಸಬೇಕು ಅಂತ ಓಡಿಸಬೇಡಿ. ಒಂದೇ ದೊಡ್ಡ ಮೀನಿನ ಮುಂದೆ ಕೂತು ಅದರ ಬಾಯಿ ತೋರಿಸಿ. ಬಾಯಿ ಮುಚ್ಚಿದಾಗ ಕಿವಿರಿನ ಮುಚ್ಚಳ ತೆರೆಯುತ್ತದೆ, ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಮೀನು ಉಸಿರಾಡುವುದೇ ಹಾಗೆ. ಇಷ್ಟು ಹೇಳಿಕೊಟ್ಟರೆ ಸಾಕು, ಮುಂದಿನ ತೊಟ್ಟಿಯಲ್ಲಿ ಅವರೇ ಹುಡುಕುತ್ತಾರೆ. ಎಷ್ಟು ಖುಷಿ ಅಂತೀರಿ!

ಗಾಜು ಬಡಿಯಲು ಮಾತ್ರ ದಯವಿಟ್ಟು ಬಿಡಬೇಡಿ. ಸುಮ್ನೆ "ಬೇಡ" ಅಂದರೆ ಮಕ್ಕಳು ಕೇಳುವುದಿಲ್ಲ, ಕಾರಣ ತೋರಿಸಿ. ಮೀನಿನ ಪಕ್ಕೆಯಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ. ನೀರಿನ ಅಲುಗಾಟ ಅದಕ್ಕೆ ತಿಳಿಯುವುದು ಆ ಗೆರೆಯಿಂದ. ನಾವು ಬಡಿದರೆ ಅದು ಬೆಚ್ಚಿ ಬೀಳುತ್ತದೆ, ಪಾಪ. ನಮ್ಮ ಮಾರ್ಕೆಟ್‌ನ ರೋಹು, ಕಾಟ್ಲಾ ಮೀನುಗಳಲ್ಲೂ ಈ ಗೆರೆ ಇದೆ, ಹೋಗುವ ಮೊದಲೇ ಒಮ್ಮೆ ತೋರಿಸಿದರೆ ಇನ್ನೂ ಒಳ್ಳೆಯದು.

ಬಿಸ್ಕತ್ತು, ಮಂಡಕ್ಕಿ ನೀರಿಗೆ ಹಾಕಬಾರದು, ನೀರು ಕೆಡುತ್ತದೆ. ಮೊಬೈಲ್ ಫ್ಲ್ಯಾಶ್ ಆಫ್ ಮಾಡಿ. ಮೀನಿಗೆ ನಮ್ಮ ಹಾಗೆ ಮುಚ್ಚಿಕೊಳ್ಳಲು ರೆಪ್ಪೆ ಇಲ್ಲ. ಫೋಟೊದಲ್ಲೂ ಗಾಜಿನ ಬೆಳಕೇ ಜಾಸ್ತಿ ಬರುತ್ತದೆ, ಮೊಬೈಲನ್ನು ಗಾಜಿಗೆ ಹತ್ತಿರ ಹಿಡಿದು ತೆಗೆಯಿರಿ.