ಬಂದವರ ಮೈಮೇಲೆ ಕುನ್ನಿ ಏರದಂತೆ, ಕೈ ಕಚ್ಚದಂತೆ ಕಲಿಸುವುದು

ತಲಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಬೀಗರ ಬಿಳಿ ಧೋತರಕ್ಕೆ ಮೂರು ತಿಂಗಳ ಕುನ್ನಿ ಮುಂಗಾಲು ಇಡುತ್ತದೆ. ಮನೆಯವರು "ಏ ಏ, ಇಳಿ" ಅಂತ ಓಡಿಬರುತ್ತಾರೆ. ಬೀಗರು ಅದರ ತಲೆ ಸವರಿ "ಇರ್ಲಿ ಬಿಡ್ರಿ, ಸಣ್ಣದ ಅದ" ಅನ್ನುತ್ತಾರೆ. ಕುನ್ನಿಯ ಲೆಕ್ಕದಲ್ಲಿ ಆದದ್ದು ಇಷ್ಟು: ಹಾರಿದೆ, ಒಬ್ಬರು ಮಾತಾಡಿಸಿದರು, ಇನ್ನೊಬ್ಬರು ಸವರಿದರು. ಹಾಗಾಗಿ ನಾಳೆಯೂ ಹಾರುತ್ತದೆ. ಬೈದರೂ ಅದಕ್ಕೆ ಅದು ಮಾತಾಡಿಸಿದ್ದೇ. ಈ ಪಾಠದಲ್ಲಿ ಕುನ್ನಿಗಿಂತ ಮನೆಯವರಿಗೂ ಬಂದವರಿಗೂ ಕಲಿಸುವುದೇ ಜಾಸ್ತಿ.

ಮೊದಲು ಹಲ್ಲಿನ ಮಾತು. ಕುನ್ನಿಗೆ 28 ಹಾಲುಹಲ್ಲು ಇರುತ್ತವೆ, ಸೂಜಿಯಷ್ಟು ಚೂಪು. ಮೂರೂವರೆ-ನಾಲ್ಕು ತಿಂಗಳಿಗೆ ಅವು ಉದುರತೊಡಗಿ, ಆರೇಳು ತಿಂಗಳೊಳಗೆ 42 ಗಟ್ಟಿ ಹಲ್ಲು ಬರುತ್ತವೆ. ಆ ಹೊತ್ತಿನಲ್ಲಿ ವಸಡು ಕಡಿಯುವುದರಿಂದ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಎಷ್ಟು ಜೋರು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿಗಳು ಕಲಿಯುವುದು ತಾಯಿಯ ಹತ್ತಿರ, ಒಡಹುಟ್ಟಿದ ಮರಿಗಳ ಜೊತೆ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಆಟ ಬಿಟ್ಟು ಹೋಗುತ್ತದೆ. ಎಂಟು ವಾರ ತುಂಬುವ ಮೊದಲೇ ತಂದ ಮರಿಗೆ ಈ ಪಾಠ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧ ನಾವು ಹೇಳಿಕೊಡಬೇಕು, ಅದೂ ಮರಿಗಳ ರೀತಿಯಲ್ಲೇ.

ಹಲ್ಲು ಚರ್ಮಕ್ಕೆ ತಾಗಿದ ಕೂಡಲೇ ಕೈಯನ್ನು ಸಡಿಲ ಬಿಡಿ. ಎಳೆದುಕೊಂಡರೆ ಅದು ಓಡುವ ಬೇಟೆ ಆಗುತ್ತದೆ, ಹಲ್ಲು ಇನ್ನೂ ಆಳಕ್ಕೆ ಹೋಗುತ್ತದೆ. ಬಾಯಿ ಬಿಟ್ಟಿತೋ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳಿ. ಮಾತು ಬೇಡ, ಕಣ್ಣಲ್ಲಿ ನೋಡುವುದೂ ಬೇಡ. 20-30 ಸೆಕೆಂಡಿಗೆ ವಾಪಸ್ ಬಂದು ಆಟ ಮುಂದುವರಿಸಿ. ಐದು ನಿಮಿಷ ಹೊರಗೆ ನಿಂತರೆ ಯಾಕೆ ಹೋದಿರಿ ಅನ್ನುವುದೇ ಅದಕ್ಕೆ ಮರೆತಿರುತ್ತದೆ. ಮತ್ತೆ ಕಚ್ಚಿದರೆ ಮತ್ತೆ ಹೋಗಿ. ಮೂರನೇ ಸಲಕ್ಕೂ ಕಚ್ಚಿದರೆ ಅದಕ್ಕೆ ಬೇಕಾದದ್ದು ಪಾಠವಲ್ಲ, ನಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ 18 ತಾಸು ಮಲಗಬೇಕು. ಒಂದು ತಾಸು ಎಚ್ಚರ, ಎರಡು ತಾಸು ನಿದ್ದೆ ಅಂತ ಲೆಕ್ಕ ಇಟ್ಟುಕೊಂಡರೆ ಸಂಜೆ ಹೊತ್ತಿನ ಹುಚ್ಚಾಟ ಅರ್ಧ ಇಳಿಯುತ್ತದೆ. "ಕುಂಯ್" ಅಂತ ಕೂಗಿದರೆ ಬಿಡುತ್ತದೆ ಅಂತ ಹೇಳುವವರಿದ್ದಾರೆ. ಕೆಲವು ಮರಿ ಬಿಡುತ್ತವೆ, ಕೆಲವಕ್ಕೆ ಆ ಕೂಗಿನಿಂದಲೇ ಹುರುಪು ಏರುತ್ತದೆ. ಎರಡು ಸಲ ನೋಡಿ, ಕೆಲಸ ಆಗದಿದ್ದರೆ ಬಿಟ್ಟುಬಿಡಿ.

ಮೂತಿ ಒತ್ತಿ ಹಿಡಿಯುವುದು, ಮೂಗಿನ ಮೇಲೆ ಹೊಡೆಯುವುದು, ಕೈಗೆ ಖಾರ ಹಚ್ಚಿಕೊಳ್ಳುವುದು ಬೇಡವೇ ಬೇಡ. ಕುನ್ನಿ ಕಲಿಯುವುದು ಒಂದೇ, ಕೈ ಬಂದರೆ ನೋವು ಬರುತ್ತದೆ ಎಂದು. ದೊಡ್ಡದಾದ ಮೇಲೆ ಅಪರಿಚಿತರ ಕೈ ಮುಂದೆ ಬಂದಾಗ ನಿಜವಾಗಿಯೇ ಬಾಯಿ ಹಾಕುವ ನಾಯಿ ತಯಾರಾಗುವುದು ಹೀಗೆ.

ಕೈಗೆ ಬದಲು ಬಾಯಿಗೆ ಏನಾದರೂ ಕೊಡಬೇಕಲ್ಲ. ಹಳೆಯ ಹತ್ತಿ ಸೀರೆ ಹರಿದು, ಮೂರು ಪಟ್ಟಿ ಸೇರಿಸಿ ಜಡೆಯಂತೆ ಬಿಗಿಯಾಗಿ ಹೆಣೆದು, ಎರಡೂ ತುದಿಗೆ ಗಂಟು ಹಾಕಿ. ಒಂದೂವರೆ ಅಡಿ ಉದ್ದ ಸಾಕು, ನಿಮ್ಮ ಕೈಗೂ ಅದರ ಹಲ್ಲಿಗೂ ನಡುವೆ ಜಾಗ ಉಳಿಯುತ್ತದೆ. ನೀರಲ್ಲಿ ಅದ್ದಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಕಡಿಯುವ ವಸಡಿಗೆ ಹಿತ. ನೂಲು ಕಿತ್ತು ಬರಲು ಶುರುವಾದ ದಿನ ಎಸೆಯಿರಿ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಯಿಸಿದ ಎಲುಬು ಸೀಳುತ್ತದೆ, ಕೊಡಬೇಡಿ. ಹಳೆಯ ಚಪ್ಪಲಿಯೂ ಬೇಡ. ಹಳೆಯದು ಯಾವುದು, ಬೀಗರದು ಯಾವುದು ಅನ್ನುವ ಭೇದ ಅದಕ್ಕಿಲ್ಲ.

ಸೀರೆಯ ನಿರಿಗೆ, ಸೆರಗು, ಲುಂಗಿಯ ಅಂಚು ಹಿಡಿದು ಎಳೆಯುವ ಕುನ್ನಿಯ ಮುಂದೆ ನಡಿಗೆ ನಿಲ್ಲಿಸಿ, ಕಂಬದಂತೆ ನಿಲ್ಲಿ. ಅದಕ್ಕೆ ಬೇಕಾದದ್ದು ಅಲುಗಾಡುವ ಬಟ್ಟೆ. ಮುಧೋಳ ತಳಿಯಂಥ, ಓಡುವುದನ್ನು ಕಂಡರೆ ಬೆನ್ನು ಹತ್ತುವ ನಾಯಿಗಳಲ್ಲಿ ಇದು ಇನ್ನೂ ಜಾಸ್ತಿ. ಅದು ಬಿಟ್ಟ ಕೂಡಲೇ ಜಡೆ ಮುಂದೆ ಮಾಡಿ.

ಇನ್ನು ಹಾರುವುದು. ಕುನ್ನಿ ಮುಖ ಹುಡುಕಿಕೊಂಡು ಮೇಲೆ ಬರುತ್ತದೆ, ತಾಯಿಯ ಬಾಯಿ ನೆಕ್ಕಿದ ರೂಢಿ. ಮೊಣಕಾಲಿನಿಂದ ನೂಕಿದರೆ ಕುಸ್ತಿ ಅಂದುಕೊಳ್ಳುತ್ತದೆ. ನಿಯಮ ಒಂದೇ: ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತು, ಸವರಿಕೆ, ತಿನಿಸು. ಕಾಲು ಎದ್ದರೆ ಏನೂ ಇಲ್ಲ.

ಕೂತುಕೊಳ್ಳಲು ಕಲಿಸುವಾಗ ಯಾವ ಮಾತು ಬಳಸುತ್ತೀರಿ ಅನ್ನುವುದನ್ನು ಮೊದಲೇ ನಿರ್ಧರಿಸಿ. ಕಲಬುರಗಿಯ ಎಷ್ಟೋ ಮನೆಗಳಲ್ಲಿ ಅಜ್ಜಿ "ಕೂಡು" ಅನ್ನುತ್ತಾರೆ, ಮಗ "ಬೈಠ್" ಅನ್ನುತ್ತಾನೆ, ಮೊಮ್ಮಗಳು "ಸಿಟ್" ಅನ್ನುತ್ತಾಳೆ. ಮೂರೂ ಕೇಳಿದ ಕುನ್ನಿ ಯಾವುದಕ್ಕೂ ಕೂಡುವುದಿಲ್ಲ. ಇನ್ನೊಂದು ತೊಡಕೂ ಇದೆ. ಬಂದವರಿಗೆ ನಾವು "ಬರ್ರಿ, ಕೂಡ್ರಿ" ಅನ್ನುತ್ತೇವೆ. ಕುನ್ನಿಯೂ ಅದನ್ನೇ ಕೇಳಿ ಕೂಡುತ್ತದೆ, ಆದರೆ ತಿನಿಸು ಸಿಗುವುದಿಲ್ಲ. ಹತ್ತು ಸಲ ಹೀಗಾದರೆ ಆ ಮಾತಿನ ಬೆಲೆ ಹೋಯಿತು. ಅದಕ್ಕೆ ಕನ್ನಡದ ಮನೆಯಲ್ಲಿ "ಸಿಟ್" ಒಳ್ಳೆಯದು, ಜೊತೆಗೆ ಕೈ ಸನ್ನೆ ಒಂದೇ ಇರಲಿ.

ತಿನಿಸು ತೊಗರಿ ಕಾಳಿನಷ್ಟು ಇದ್ದರೆ ಸಾಕು. ಉಪ್ಪು-ಖಾರ ಇಲ್ಲದ ಬೇಯಿಸಿದ ಕೋಳಿ, ಇಲ್ಲವೇ ಬೇಯಿಸಿದ ಮೊಟ್ಟೆಯ ಚೂರು. ಕಟಕ ರೊಟ್ಟಿ ಅಗಿಯುತ್ತ ಕೂತರೆ ಪಾಠ ನಿಂತುಹೋಗುತ್ತದೆ. ಶೇಂಗಾ ಚಟ್ನಿ ಹಚ್ಚಿದ್ದಂತೂ ಬೇಡ, ಬೆಳ್ಳುಳ್ಳಿ-ಉಳ್ಳಾಗಡ್ಡಿ ನಾಯಿಗೆ ವಿಷ. ದಿನದ ತಿನಿಸೆಲ್ಲ ಸೇರಿ ಊಟದ ಹತ್ತನೇ ಒಂದು ಪಾಲು ಮೀರಬಾರದು. ತಿನಿಸನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದರೆ ಅಂಡು ತಾನೇ ನೆಲಕ್ಕೆ ಬರುತ್ತದೆ. ಕೈ ತೀರಾ ಎತ್ತರ ಹೋದರೆ ಕೂಡುವ ಬದಲು ಹಾರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಈಗ ಬಾಗಿಲಿನ ಪಾಠ. ನುಣುಪು ಶಹಾಬಾದ್ ಕಲ್ಲಿನ ನೆಲದಲ್ಲಿ ಹಿಂಗಾಲು ಜಾರಿ ಕೂಡುವುದೇ ಕಷ್ಟ, ಅದಕ್ಕೆ ತಲಬಾಗಿಲಿನಿಂದ ಆರೇಳು ಅಡಿ ದೂರ ಒಂದು ಗೋಣಿ ತಟ್ಟು ಹಾಸಿ. ಪಕ್ಕದ ಕಿಟಕಿ ಸರಳಿಗೆ ನಾಲ್ಕು ಅಡಿ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕೊರಳಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ಕಟ್ಟಿ ಬಿಟ್ಟು ಎಲ್ಲೂ ಹೋಗಬೇಡಿ. ಒಬ್ಬರು ಕುನ್ನಿಯ ಹತ್ತಿರ ಇರಲಿ, ಮನೆಯವರೇ ಇನ್ನೊಬ್ಬರು ಹೊರಗೆ ಹೋಗಿ ಬೆಲ್ ಒತ್ತಲಿ. ಬೆಲ್ ಆದ ಕೂಡಲೇ "ಸಿಟ್", ತಿನಿಸು. ಬಂದವರು ಒಂದೊಂದೇ ಹೆಜ್ಜೆ ಇಡಲಿ. ಕುನ್ನಿ ಕೂತಿದ್ದರೆ ಮುಂದಿನ ಹೆಜ್ಜೆ. ಎದ್ದು ಜಿಗಿದರೆ ಬೆನ್ನು ತಿರುಗಿಸಿ ಎರಡು ಹೆಜ್ಜೆ ಹಿಂದೆ. ಹತ್ತಿರ ಮುಟ್ಟಿದ ಮೇಲೆ ಬಗ್ಗಿ, ತಲೆಯ ಮೇಲಲ್ಲ, ಗದ್ದದ ಕೆಳಗೆ ಅಥವಾ ಎದೆಗೆ ಮೂರು ಸೆಕೆಂಡು ಸವರಿ ಕೈ ತೆಗೆಯಲಿ. ಕಾಲು ನೆಲದಲ್ಲೇ ಇದ್ದರೆ ಮತ್ತೆ ಮೂರು ಸೆಕೆಂಡು. ಒಂದು ಹೊತ್ತಿಗೆ ಐದು ನಿಮಿಷ, ಏಳೆಂಟು ಸಲ ಬಾಗಿಲು ತೆರೆದರೆ ಮುಗಿಯಿತು. ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಬೆಳಗ್ಗೆ ಆರಕ್ಕೆ ಇಲ್ಲವೇ ಹೊತ್ತು ಮುಳುಗಿದ ಮೇಲೆ ಮಾಡಿ.

ಮನೆಯವರ ಜೊತೆ ಸರಿಯಾದ ಮೇಲೆ ಪಕ್ಕದ ಮನೆಯವರನ್ನು ಕರೆಯಿರಿ, ಏನು ಮಾಡಬೇಕೆಂದು ಬಾಗಿಲ ಹೊರಗೇ ಹೇಳಿ. ನಾಲ್ಕನೇ-ಐದನೇ ದಿನ ಕುನ್ನಿ ಮೊದಲಿಗಿಂತ ಜೋರಾಗಿ ಹಾರಬಹುದು. ಹಳೆಯ ಉಪಾಯ ಯಾಕೆ ನಡೆಯುತ್ತಿಲ್ಲ ಅಂತ ಪರೀಕ್ಷಿಸುತ್ತಿದೆ ಅಷ್ಟೇ. ಆಗ ಸೋತು ಒಬ್ಬ ಕಾಕಾ ಎತ್ತಿಕೊಂಡರೆ, ಜೋರಾಗಿ ಹಾರಿದರೆ ಸಿಗುತ್ತದೆ ಅಂತ ಕಲಿತಂತೆ. ಹತ್ತರಲ್ಲಿ ಒಂದು ಸಲ ಸಿಕ್ಕರೂ ಅದು ಬಿಡುವುದಿಲ್ಲ.

ಮದುವೆ ಮಾತುಕತೆಗೆ ಹದಿನೈದು ಮಂದಿ ಬಂದ ದಿನ ಪಾಠ ಮಾಡಬೇಡಿ. ಬಾಗಿಲು ತೆರೆಯುವ ಮೊದಲೇ ಕುನ್ನಿಯನ್ನು ಒಳಕೋಣೆಯಲ್ಲಿ ಜಡೆ, ನೀರು ಕೊಟ್ಟು ಬಿಡಿ. ನಮಾಜಿಗೆ ಹೊರಟವರು, ಪೂಜೆಗೆ ಮಡಿ ಉಟ್ಟವರು, ನಾಯಿಗೆ ಹೆದರುವ ಮಕ್ಕಳು ಬಂದಾಗಲೂ ಹಾಗೇ. "ಏನೂ ಮಾಡಂಗಿಲ್ರಿ" ಅಂತ ಅವರನ್ನು ಒಪ್ಪಿಸಲು ಹೋಗಬೇಡಿ.

ಆಟದಲ್ಲೇ ಆಗಲಿ, ಹಲ್ಲು ತಾಗಿ ಚರ್ಮ ಒಡೆದರೆ ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರ ಮೆತ್ತಬಾರದು. ಕುನ್ನಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಆಟದಲ್ಲಿ ಕಚ್ಚುವ ಮರಿಯ ಮೈ ಸಡಿಲವಾಗಿರುತ್ತದೆ, ಬಾಲ ಆಡುತ್ತದೆ. ಮೈ ಬಿಗಿದು, ಕಣ್ಣು ನೆಟ್ಟು, ಊಟದ ತಟ್ಟೆಯ ಹತ್ತಿರ ಗುರ್ ಅನ್ನುವ ಮರಿಗೆ ಈ ಪಾಠ ಸಾಲದು, ಪಶುವೈದ್ಯರಿಗೆ ತೋರಿಸಿ. ಬೀದರ್ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಹತ್ತಿರ.

ದಿನಾ ಮಾಡಿದರೆ ಹಾರುವುದು ಮೂರು-ನಾಲ್ಕು ವಾರದಲ್ಲಿ ಇಳಿಯುತ್ತದೆ, ಕಚ್ಚುವುದು ಹಲ್ಲು ಬದಲಾಗುವ ತನಕ ಅಷ್ಟಿಷ್ಟು ಇದ್ದೇ ಇರುತ್ತದೆ. ಎಂಟು-ಹತ್ತು ತಿಂಗಳ ಹರೆಯದಲ್ಲಿ ಕಲಿತದ್ದೆಲ್ಲ ಮರೆತಂತೆ ಒಂದು ದಿನ ಮತ್ತೆ ಹಾರುತ್ತದೆ. ಗೋಣಿ ತಟ್ಟು, ಹಗ್ಗ ಮತ್ತೆ ಹೊರಗೆ ತೆಗೆಯಿರಿ, ಒಂದು ವಾರ ಸಾಕು.