ಮುಂಬೈಲಿ ಪೊಲೀಸ್ರು ಎಫ್‌ಐಆರ್ ಮಾಡ್ದಿದ್ರೆ ಕೋರ್ಟಲ್ಲಿ ದೂರು ಕೊಡೋದು ಹೇಗೆ

ಮುಂಬೈಲಿರೋ ನಮ್ಮ ಜನ, ಅದ್ರಲ್ಲೂ ಹೋಟೆಲ್ ಕೆಲಸದ ಹುಡುಗ್ರು, ಸ್ಟೇಷನ್ನಲ್ಲಿ ಎನ್‌ಸಿ (ಕೋರ್ಟ್ ಆದೇಶ ಇಲ್ದೆ ಪೊಲೀಸ್ರು ತನಿಖೆ ಮಾಡೋಕಾಗದ ಅಪರಾಧ) ಅಂತ ಬರ್ಕೊಂಡು ಕಳ್ಸಿದ್ರೆ ಅಲ್ಲಿಗೇ ಬಿಟ್ಬಿಡ್ತಾರೆ, ದಯವಿಟ್ಟು ಬಿಡ್ಬೇಡಿ. ದೂರನ್ನ ಬರೆದು ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು ಹಾಕಿಸ್ಕೊಳ್ಳಿ, ಆಮೇಲೆ ಅದನ್ನೇ ಡಿಸಿಪಿಗೆ ಪೋಸ್ಟಲ್ಲಿ ಕಳ್ಸಿ ರಸೀದಿ ಜೋಪಾನ ಮಾಡಿ.

ಆಗ್ಲೂ ಏನೂ ಆಗ್ಲಿಲ್ಲ ಅಂದ್ರೆ ಆ ಸ್ಟೇಷನ್ ಯಾವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬರುತ್ತೆ, ಅಂಧೇರಿನಾ ಕುರ್ಲಾನಾ, ನೋಡ್ಕೊಂಡು ಅಲ್ಲಿಗೆ ಹೋಗಿ. ತನಿಖೆ ಪೊಲೀಸ್ರೇ ಮಾಡ್ಬೇಕು ಅಂದ್ರೆ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದ್ಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆ ಕಾನೂನು) ಸೆಕ್ಷನ್ 175(3)ರ ಅರ್ಜಿ, ಜೊತೆಗೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕಡ್ಡಾಯ, ಮೇಲೆ ಹೇಳಿದ ಸೀಲು ರಸೀದಿ ಬೇಕಾಗೋದು ಇದಕ್ಕೇ. ಸಾಕ್ಷಿ ಎಲ್ಲಾ ನಿಮ್ಮ ಕೈಲೇ ಇದ್ರೆ ಅಥವಾ ಬರೀ ಎನ್‌ಸಿ ಆಗಿದ್ರೆ ಅದೇ ಕಾನೂನಿನ ಸೆಕ್ಷನ್ 223ರ ಖಾಸಗಿ ದೂರು (ನೀವೇ ನೇರವಾಗಿ ಕೋರ್ಟಿಗೆ ಕೊಡೋ ದೂರು), ಅದ್ರಲ್ಲಿ ಮ್ಯಾಜಿಸ್ಟ್ರೇಟ್ ನಿಮ್ಮನ್ನೂ ಬಂದಿರೋ ಸಾಕ್ಷಿಗಳನ್ನೂ ಪ್ರಮಾಣ ಮಾಡ್ಸಿ ಕೇಳಿ ಬರ್ಕೊಂಡು ಸಹಿ ಹಾಕಿಸ್ಕೊಳ್ತಾರೆ. 2024 ಜುಲೈ 1ಕ್ಕೆ ಬಂದ ಈ ಹೊಸ ಕಾನೂನಲ್ಲಿ ಆರೋಪಿಗೂ ಮೊದ್ಲೇ ಮಾತಾಡೋ ಅವಕಾಶ ಕೊಡ್ಬೇಕು, ಹಾಗಾಗಿ ತಾಳ್ಮೆ ಬೇಕು.

ದೂರಲ್ಲಿ ಸಿಟ್ಟು ತೋರಿಸ್ಬೇಡಿ. ತಾರೀಖು, ಜಾಗ, ಯಾರು ಏನು ಮಾಡಿದ್ರು, ಯಾರು ನೋಡಿದ್ರು, ಇಷ್ಟೇ ಬರೀರಿ. ಕನ್ನಡದ ಪತ್ರ, ವಾಟ್ಸಾಪ್ ಮೆಸೇಜ್ ಇದ್ರೆ ಮರಾಠಿ ಇಲ್ಲಾ ಇಂಗ್ಲಿಷ್ ಅನುವಾದ ಜೊತೆಗಿಡಿ.

ಬರೀ ದಂಡದ ಅಪರಾಧಕ್ಕೆ 6 ತಿಂಗಳೊಳಗೆ ಹೋಗ್ಬೇಕು, ತಡ ಮಾಡ್ಬೇಡಿ. ಹೆಂಗಸ್ರಿಗೆ, ಎಸ್‌ಸಿ ಎಸ್‌ಟಿಯವ್ರಿಗೆ ಆದಾಯ ಎಷ್ಟೇ ಇರ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫ್ರೀ, ಕೇಳಿ ಪಡ್ಕೊಳ್ಳಿ.