ಕೋಣ ದಾಟಿ ಹೋದ ಮೇಲೆ ಕ್ಲಿಕ್ ಆಗುವ ಕ್ಯಾಮೆರಾ: ಕಂಬಳದಲ್ಲಿ ನಾನು ಮಾಡುವುದು ಹೀಗೆ

ಕಂಬಳಕ್ಕೆ ಕ್ಯಾಮೆರಾ ತಗೊಂಡು ಹೋದವರಿಗೆಲ್ಲ ಗೊತ್ತುಂಟು, ಬಟನ್ ಒತ್ತುವುದು ಕೋಣದ ಮುಖ ನೋಡಿ, ಫೋಟೊದಲ್ಲಿ ಬರುವುದು ಬಾಲ ಮತ್ತೆ ಕೆಸರು. ಲೆಕ್ಕ ಹಾಕಿ ನೋಡಿ, 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ್ರು 142.5 ಮೀಟರ್ ಓಡಿದ್ದು 13.62 ಸೆಕೆಂಡಲ್ಲಿ, ಅಂದ್ರೆ ಸೆಕೆಂಡಿಗೆ ಹತ್ತು ಮೀಟರಿಗೂ ಜಾಸ್ತಿ, ಫೋಕಸ್ ಹುಡುಕ್ತಾ ಕ್ಯಾಮೆರಾ ಅರ್ಧ ಸೆಕೆಂಡ್ ತಿಂದ್ರೆ ಕೋಣ ಐದು ಮೀಟರ್ ಮುಂದೆ ಹೋಗಿ ಆಯ್ತು.

ನನ್ನದು ಹಳೇ ಕ್ಯಾನನ್ 1200ಡಿ, 55-250 ಲೆನ್ಸ್. ಹೊಸ ಕ್ಯಾಮೆರಾ ಬಾಡಿ ತಗೊಳ್ಳಿ ಮಾರಾಯ್ರೆ ಅಂತ ಹೇಳುವವರು ತುಂಬ ಜನ, ಆದ್ರೆ ತಡ ಮಾಡುವುದು ಶಟರ್ ಅಲ್ಲ, ಅದಕ್ಕಿಂತ ಮೊದಲು ಆಗುವ ಫೋಕಸ್. ಅದೊಂದು ಮುಗಿದಿದ್ರೆ ಹಳೇ ಡಿಎಸ್ಎಲ್ಆರ್ ಕೂಡ ಒತ್ತಿದ ಕೂಡ್ಲೆ ಹೊಡೀತದೆ.

ಕನೆ ಹಲಗೆಯಲ್ಲಿ, ಅಂದ್ರೆ ಕೋಣ ಎಳೆಯುವ ಹಲಗೆ ಮೇಲೆ ನಿಂತು ನೀರು ಎತ್ತರಕ್ಕೆ ಹಾರಿಸುವ ವಿಭಾಗದಲ್ಲಿ, ನೀರು ಎಲ್ಲಿ ಹಾರಬೇಕು ಅಂತ ಮೊದಲೇ ಗೊತ್ತಿರ್ತದಲ್ಲ, ಹಾಗಾಗಿ ಕೋಣ ಬಿಡುವ ಮೊದಲೇ ನಿಶಾನೆಯ (ನೀರು ಮುಟ್ಟಬೇಕಾದ, ಮೇಲೆ ಕಟ್ಟಿದ ಬಟ್ಟೆ) ನೇರಕ್ಕೆ ಕರೆಯ (ಕೋಣ ಓಡುವ ಕೆಸರಿನ ದಾರಿ) ಅಂಚಿಗೆ ಫೋಕಸ್ ಮಾಡಿ ಲೆನ್ಸಿನ ಸ್ವಿಚ್ಚನ್ನು ಎಂಎಫ್‌ಗೆ (ಮ್ಯಾನುವಲ್ ಫೋಕಸ್) ಹಾಕಿ ಬಿಡ್ತೇನೆ, ಮತ್ತೆ ಝೂಮ್ ಮುಟ್ಟುವುದಿಲ್ಲ, ಮುಟ್ಟಿದ್ರೆ ಫೋಕಸ್ ಜಾರ್ತದೆ. ಹಗಲಾದ್ರೆ ಅಪರ್ಚರ್ ಎಫ್8, ಸ್ವಲ್ಪ ಹಿಂದೆ ಮುಂದೆ ಆದ್ರೂ ನಡೀತದೆ.

ಓಟದ್ದು ಕಥೆ ಬೇರೆ. ಮಂಜೊಟ್ಟಿ, ಅಂದ್ರೆ ಓಟ ಮುಗಿಯುವ ಕಡೆ ನಿಂತ್ರೆ ಕೋಣ ನಮ್ಮ ಮೇಲೆಯೇ ಬರುವುದು, ಅಲ್ಲಿ ಎಐ ಸರ್ವೋ (ಓಡುವುದರ ಹಿಂದೆಯೇ ಫೋಕಸ್ ಬದಲಿಸ್ತಾ ಹೋಗುವ ಮೋಡ್), ಫೋಕಸ್ ಪಾಯಿಂಟ್ ನಡುವಿನದ್ದು ಒಂದೇ, ಒಂಬತ್ತನ್ನೂ ಆನ್ ಇಟ್ರೆ ಅದು ಬದಿಯಲ್ಲಿ ನಿಂತ ಜನರನ್ನು ಹಿಡಿದು ಕೂತ್ಕೊಳ್ತದೆ. ಮೆನುವಿನ ಕಸ್ಟಮ್ ಫಂಕ್ಷನ್ನಲ್ಲಿ ಫೋಕಸ್ಸನ್ನು ಹಿಂದಿನ ಸ್ಟಾರ್ ಬಟನ್ನಿಗೆ ಕೊಟ್ಟಿದ್ದೇನೆ, ಗಂತಿನಿಂದ (ಓಟ ಶುರುವಾಗುವ ಜಾಗ) ಕೋಣ ಬಿಟ್ಟ ಕೂಡ್ಲೆ ಹೆಬ್ಬೆರಳಲ್ಲಿ ಅದನ್ನು ಒತ್ತಿ ಹಿಡ್ಕೊಂಡು ಕೋಣದ ಒಟ್ಟಿಗೇ ಬರುವುದು, ತೋರುಬೆರಳಿಗೆ ಕ್ಲಿಕ್ ಬಿಟ್ರೆ ಬೇರೆ ಕೆಲಸ ಇಲ್ಲ. ಇದು ಕೈಗೆ ಕೂತ್ಕೊಳ್ಳಿಕ್ಕೆ ಸ್ವಲ್ಪ ಸಮಯ ಬೇಕು, ರಸ್ತೆಯಲ್ಲಿ ಬೈಕುಗಳ ಮೇಲೆ ಅಭ್ಯಾಸ ಮಾಡ್ಬಹುದು.

ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೊ ಹೊಡೆಯುವುದು) ಹಾಕಿದ್ರೆ ಸಾಕಲ್ಲ ಅಂತಾರೆ. ಈ ಕ್ಯಾಮೆರಾದಲ್ಲಿ ಸೆಕೆಂಡಿಗೆ ಮೂರೇ ಫ್ರೇಮ್, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೋಣ ಮೂರೂವರೆ ಮೀಟರ್ ಓಡಿರ್ತದೆ, ನಮಗೆ ಬೇಕಾದ ಗಳಿಗೆ ಆ ಸಂದಿಯಲ್ಲೇ ಹೋಗುವುದು! ಹಾಗಾಗಿ ಮೊದಲನೇ ಕ್ಲಿಕ್ಕೇ ಸರಿ ಬೀಳ್ಬೇಕು, ಕಣ್ಣಿಗೆ ಕಾಣುವುದಕ್ಕಿಂತ ಒಂಚೂರು ಮೊದಲೇ ಒತ್ತಬೇಕು.

ಲೈವ್ ವ್ಯೂ (ಹಿಂದಿನ ಸ್ಕ್ರೀನ್ ನೋಡಿ ಹೊಡೆಯುವುದು) ಬೇಡವೇ ಬೇಡ, ಅದರಲ್ಲಿ ಫೋಕಸ್ ಇನ್ನೂ ನಿಧಾನ. ಆಟೋ ಪವರ್ ಆಫ್ ಟೈಮ್ ಜಾಸ್ತಿ ಇಡಿ, ಇಲ್ಲಾಂದ್ರೆ ಸರಿಯಾದ ಹೊತ್ತಿಗೇ ಕ್ಯಾಮೆರಾ ಮಲಗಿರ್ತದೆ.

ರಾತ್ರಿ ಫ್ಲಡ್‌ಲೈಟಲ್ಲಿ ಕಪ್ಪು ಕೋಣದ ಮೈ ಮೇಲೆ ಪಾಯಿಂಟ್ ಇಟ್ರೆ ಲೆನ್ಸಿಗೆ ಹಿಡಿಯಲಿಕ್ಕೆ ಎಂತದೂ ಸಿಗುವುದಿಲ್ಲ, ಸುಮ್ಮನೆ ಆಚೆ ಈಚೆ ತಿರುಗ್ತಾ ಇರ್ತದೆ, ಅದಕ್ಕೆ ನಾನು ಎರಡು ಕೋಣಗಳ ನಡುವೆ ನೊಗ, ಹಗ್ಗ ಕಾಣುವ ಜಾಗಕ್ಕೇ ಇಡುವುದು.